ಗೇಟಿನೊಳಗೊಂದು ಇಂಗುಬಾವಿ

“ಇಲ್ಲಿ ಬೇಡ ಸಾರ್, ಇದು ಜೇಡಿ. ನೀರು ನಿಂತ್ಕೊಳ್ತದೆ, ಕುಡಿಯಲ್ಲ.”

ಬೊಮ್ಮಸಂದ್ರದ ಕಡೆಯ ಒಂದು ಕಾರ್ಖಾನೆಯ ಹಿಂಭಾಗ. ಎಂಜಿನಿಯರು ನಕ್ಷೆಯಲ್ಲಿ ಗುರುತು ಹಾಕಿಕೊಟ್ಟಿದ್ದ ಜಾಗದಲ್ಲಿ ನಾಲ್ಕಡಿ ಅಗೆದ ಮೇಸ್ತ್ರಿ ಗುಂಡಿಯಿಂದ ಮೇಲೆ ಬಂದು, ಹಿಡಿ ಮಣ್ಣನ್ನು ಉಂಡೆ ಮಾಡಿ ತೋರಿಸಿದರು. ಉಂಡೆ ಒಡೆಯಲಿಲ್ಲ. ಬೆರಳಿಗೆ ಮೇಣದ ಹಾಗೆ ಅಂಟಿಕೊಂಡಿತು. ಇಪ್ಪತ್ತು ಹೆಜ್ಜೆ ಆಚೆಗೆ, ಹೊಂಗೆ ಮರದ ಹತ್ತಿರ ಇನ್ನೊಂದು ಕಡೆ ಅಗೆದರು. ಅಲ್ಲಿ ಕೆಂಪು ಮಣ್ಣಿನ ಕೆಳಗೆ ಹಳದಿ ಬೆರೆತ ಮೊರಂ ಸಿಕ್ಕಿತು. ಹಿಸುಕಿದರೆ ಅಕ್ಕಿ ನುಚ್ಚಿನಂತೆ ಉದುರುತ್ತಿತ್ತು. ಒಂದು ಕೊಡ ನೀರು ಸುರಿಸಿ, ಬೀಡಿ ಹಚ್ಚಿಕೊಂಡು ಕೂತರು. ಬೀಡಿ ಮುಗಿಯುವ ಮೊದಲೇ ನೀರು ಮಾಯವಾಗಿತ್ತು. “ಇದು ಕುಡೀತದೆ” ಎಂದು ಎದ್ದು ಹಾರೆ ಕೈಗೆತ್ತಿಕೊಂಡರು.

ಕಂಪನಿಗಳು ನೀರನ್ನು ಹೇಗೆ ಜವಾಬ್ದಾರಿಯಿಂದ ಬಳಸಬೇಕು ಎಂಬ ಬಗ್ಗೆ ಹವಾನಿಯಂತ್ರಿತ ಕೋಣೆಗಳಲ್ಲಿ ನಡೆದ ಎಷ್ಟೋ ಮಾತುಕತೆಗಳಲ್ಲಿ ನಾನು ಕೂತಿದ್ದೇನೆ. ಅಲ್ಲಿ ಯಾವುದೂ ನನಗೆ ಈ ಒಂದು ಕೊಡ ನೀರಿನಷ್ಟು ಸ್ಪಷ್ಟವಾಗಿ ವಿಷಯವನ್ನು ತಿಳಿಸಲಿಲ್ಲ. ಗೇಟಿನ ಒಳಗಿನ ನೆಲ ಎಂಥದು, ಅದು ಎಷ್ಟು ನೀರು ಕೊಡುತ್ತದೆ, ಎಷ್ಟನ್ನು ತೆಗೆದುಕೊಳ್ಳುತ್ತದೆ ಎಂಬುದು ಗೊತ್ತಿಲ್ಲದ ಕಂಪನಿ ಎಷ್ಟು ದಪ್ಪದ ವರದಿ ಅಚ್ಚು ಹಾಕಿಸಿದರೂ ನೀರಿನ ಕೆಲಸ ಶುರುವಾಗಿರುವುದಿಲ್ಲ.

ನೆಲವನ್ನು ಹೀಗೆ ಓದಬಲ್ಲವರು ಮಣ್ಣು ವಡ್ಡರು. ಕಲ್ಲು ಒಡೆಯುವ ಕಸುಬಿನವರು ಕಲ್ಲು ವಡ್ಡರಾದರೆ, ಕೆರೆ, ಏರಿ, ಬಾವಿಗಳ ಮಣ್ಣಿನ ಕೆಲಸ ಇವರದು. ದಕ್ಷಿಣದ ಊರೂರುಗಳ ಕೆರೆ ಏರಿಗಳನ್ನು ಕಟ್ಟಿದ ಕೈಗಳು ಈ ಸಮುದಾಯದವು. ಬೆಂಗಳೂರಿನ ಸರ್ಜಾಪುರದ ಹತ್ತಿರದ ಭೋವಿಪಾಳ್ಯದಲ್ಲಿ ಇಂದಿಗೂ ಬಾವಿ ತೋಡುವುದನ್ನೇ ನಂಬಿದ ಕುಟುಂಬಗಳಿವೆ. ಮನೆಯಲ್ಲಿ ತೆಲುಗು, ಕೆಲಸದ ಜಾಗದಲ್ಲಿ ಕನ್ನಡ. ಹಾರೆ, ಗುದ್ದಲಿ, ಪಿಕಾಸಿ, ಬಾಂಡ್ಲಿ, ರಾಟೆ, ಹಗ್ಗ: ಸಾಮಾನು ಇಷ್ಟೇ. ಒಬ್ಬರು ಕೆಳಗೆ ಅಗೆಯುತ್ತಾರೆ, ಮೇಲಿನವರು ಮಣ್ಣು ಎಳೆದುಕೊಳ್ಳುತ್ತಾರೆ, ಮತ್ತೊಬ್ಬರು ಅದನ್ನು ದೂರ ಸುರಿಯುತ್ತಾರೆ. ಅಂಚಿನಲ್ಲೇ ಸುರಿದರೆ ಆ ಭಾರಕ್ಕೆ ಗೋಡೆ ಕುಸಿಯುತ್ತದೆ ಎಂಬುದನ್ನು ಅವರು ಹುಡುಗರಾಗಿದ್ದಾಗಲೇ ಕಲಿತಿರುತ್ತಾರೆ.

ಬೆಂಗಳೂರು ಬಹುಕಾಲ ಬಾವಿ, ಕಲ್ಯಾಣಿ, ಕೆರೆಗಳ ಊರಾಗಿಯೇ ಇತ್ತು. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳಾಯಿ ನೀರು ಬಂತು. 1933ರಲ್ಲಿ ತಿಪ್ಪಗೊಂಡನಹಳ್ಳಿ, 1974ರಲ್ಲಿ ಕಾವೇರಿ. ಒಂದೊಂದು ಕೊಳಾಯಿ ಬಂದಾಗಲೂ ಒಂದಷ್ಟು ಬಾವಿಗಳು ಕಸದ ಗುಂಡಿಗಳಾದವು. ಆಮೇಲೆ ಬೋರ್‌ವೆಲ್ ಬಂದು ಬಾವಿ ತೋಡುವವರ ಕೆಲಸವನ್ನೇ ಕಿತ್ತುಕೊಂಡಿತು. ಅವರು ಪಾಯ ಅಗೆಯುವ, ಕೇಬಲ್ ಗುಂಡಿ ತೋಡುವ ಕೂಲಿಗಳಾದರು.

ಬೋರ್‌ವೆಲ್ ಕೆಲಸವನ್ನು ಕಿತ್ತುಕೊಂಡಿದ್ದರ ಜೊತೆಗೆ ಇನ್ನೊಂದನ್ನೂ ಕಿತ್ತುಕೊಂಡಿತು: ನೀರನ್ನು ಕಣ್ಣಿಂದ ನೋಡುವ ಅಭ್ಯಾಸ. ಸೇದುವ ಬಾವಿಯಲ್ಲಿ ಬೇಸಿಗೆ ಬಂದಂತೆ ಹಗ್ಗ ಉದ್ದವಾಗುತ್ತಿತ್ತು. ನೀರು ಇಳಿದದ್ದು ತೋಳಿಗೆ ಗೊತ್ತಾಗುತ್ತಿತ್ತು. ಮನೆಯವರು ತಾವಾಗಿಯೇ ಕೈ ಬಿಗಿ ಹಿಡಿಯುತ್ತಿದ್ದರು. ಸಾವಿರ ಅಡಿಯ ಕೊಳವೆಯಲ್ಲಿ ಏನಾಗುತ್ತಿದೆ ಎಂಬುದು ಮೋಟಾರು ಗಾಳಿ ಎಳೆಯುವ ದಿನದವರೆಗೂ ಯಾರಿಗೂ ತಿಳಿಯುವುದಿಲ್ಲ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಸುಮಾರು 13,900 ಸರ್ಕಾರಿ ಬೋರ್‌ವೆಲ್‌ಗಳ ಪೈಕಿ 6,900 ಬತ್ತಿವೆ ಎಂದು ಸರ್ಕಾರವೇ ಹೇಳಿದಾಗ ಊರಿಗೆ ಊರೇ ಬೆಚ್ಚಿತು. ಆ ಬೇಸಿಗೆಯಲ್ಲಿ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ಕೈತೋಟಕ್ಕೆ ಬಿಟ್ಟರೆ ಜಲಮಂಡಳಿ 5,000 ರೂಪಾಯಿ ದಂಡ ಹಾಕಿತು. ಹೋಟೆಲು, ಕಚೇರಿ, ಕಾರ್ಖಾನೆಗಳ ನಲ್ಲಿಗಳಿಗೆ ನೀರಿನ ಹರಿವು ತಗ್ಗಿಸುವ ಏರಿಯೇಟರ್ ಕಡ್ಡಾಯವಾಯಿತು. ಮಳೆ ಬಂತು, ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತವೂ ಬಂತು. ದಿನಕ್ಕೆ 77.5 ಕೋಟಿ ಲೀಟರ್, ಸುಮಾರು 100 ಕಿಲೋಮೀಟರ್ ದೂರದಿಂದ, 300 ಮೀಟರಿಗೂ ಹೆಚ್ಚು ಎತ್ತರಕ್ಕೆ ಏರಿಸಿ ತರುವ ನೀರು. ಮಂಡ್ಯದ ಗದ್ದೆಗೂ ಅದೇ ಹೊಳೆ ಬೇಕು ಎಂಬುದನ್ನು ಐದನೇ ಹಂತದ ಸಂಭ್ರಮದಲ್ಲಿ ನಾವು ಮರೆಯಬಾರದು.

ಇಂಗುಬಾವಿ ಎಂದರೇನು ಎಂದು ಈಗ ಹೇಳುತ್ತೇನೆ. ಸಾಮಾನ್ಯ ಅಳತೆ ಮೂರಡಿ ಅಗಲ, ಇಪ್ಪತ್ತಡಿ ಆಳ. ಒಳಗೆ ಒಂದರ ಮೇಲೊಂದರಂತೆ ಸಿಮೆಂಟ್ ರಿಂಗು. ರಿಂಗಿಗೂ ಮಣ್ಣಿಗೂ ನಡುವಿನ ಸಂದಿಗೆ ಜಲ್ಲಿ. ತಳಕ್ಕೆ ಸಿಮೆಂಟ್ ಹಾಕುವುದಿಲ್ಲ, ನೀರು ಇಳಿಯುವ ಬಾಗಿಲು ಅದೇ. ಚಾವಣಿಯ ಮಳೆನೀರು ಪೈಪಿನಲ್ಲಿ ಇಳಿದು, ಮೊದಲು ಒಂದು ಹೂಳುಗುಂಡಿಯಲ್ಲಿ ಎಲೆ, ಮರಳು ಬಿಟ್ಟು, ಆಮೇಲೆ ಬಾವಿಗೆ ಬೀಳಬೇಕು. ಇಂಥ ಬಾವಿ ಒಂದು ಸಲಕ್ಕೆ ಹಿಡಿಯುವುದು ಸುಮಾರು 4,000 ಲೀಟರ್. ಸಾವಿರ ಚದರ ಮೀಟರ್ ಚಾವಣಿಯ ಮೇಲೆ ಒಂದು ಸಂಜೆ 40 ಮಿಲಿಮೀಟರ್ ಮಳೆ ಸುರಿದರೆ ಬರುವ ನೀರು 40,000 ಲೀಟರ್. ಹಾಗಾಗಿ ಒಂದು ಬಾವಿ ತೋಡಿಸಿ ಫೋಟೊ ತೆಗೆಸಿಕೊಂಡರೆ ಆಗಲಿಲ್ಲ. ಸಾಲು ಬಾವಿ ಬೇಕು, ತೊಟ್ಟಿ ಬೇಕು, ಎಲ್ಲಕ್ಕಿಂತ ಮೊದಲು ನೀರು ಕುಡಿಯುವ ಮಣ್ಣು ಬೇಕು. ಮೇಸ್ತ್ರಿ ಎಂಜಿನಿಯರಿನ ಗುರುತನ್ನು ಬದಲಿಸಿದ್ದು ಅದಕ್ಕೇ.

ಬೆಂಗಳೂರಿನ ನೆಲದಲ್ಲಿ ಗಟ್ಟಿ ಬಂಡೆಯ ಮೇಲೆ ಮಣ್ಣು ಮತ್ತು ಕೊಳೆತ ಕಲ್ಲಿನ ದಪ್ಪ ಪದರ ಹಾಸಿಕೊಂಡಿದೆ. ಮಳೆ ಮೊದಲು ಕೂಡಿಕೊಳ್ಳುವುದು ಅಲ್ಲಿ. ಹಳೆಯ ಬಾವಿಗಳೆಲ್ಲ ಜೀವ ಹಿಡಿದಿದ್ದದ್ದು ಈ ಪದರದಿಂದ. ಬೋರ್‌ವೆಲ್ ಅದನ್ನು ದಾಟಿ ಬಂಡೆಯ ಬಿರುಕಿಗೆ ಕೈ ಹಾಕುತ್ತದೆ. ಬಿರುಕಿಗೆ ಬೇಲಿಯಿಲ್ಲ: ಕಂಪನಿ ಎಳೆದ ನೀರು ಆಚೆಯ ಹಳ್ಳಿಯ ತೋಟದ ಅಡಿಯಿಂದ ಬಂದಿರಬಹುದು, ಕಂಪನಿ ಇಂಗಿಸಿದ್ದು ಪಕ್ಕದ ಶಾಲೆಯ ಬಾವಿಗೆ ಹೋಗಬಹುದು.

ಬಯೋಮ್ ಎಂಬ ಸಂಸ್ಥೆ 2015ರಲ್ಲಿ ‘ಬೆಂಗಳೂರಿಗೆ ಹತ್ತು ಲಕ್ಷ ಬಾವಿ’ ಎಂಬ ಅಭಿಯಾನ ಶುರು ಮಾಡಿದಾಗ ಮೊದಲು ಹುಡುಕಿಕೊಂಡು ಹೋದದ್ದು ಮಣ್ಣು ವಡ್ಡರನ್ನು. ಅದರ ಮುಂದಾಳು ಎಸ್. ವಿಶ್ವನಾಥ್ ವರ್ಷಗಳಿಂದ ಮಳೆನೀರಿನ ಬಗ್ಗೆಯೇ ಬರೆಯುತ್ತ, ಮಾತಾಡುತ್ತ ಬಂದವರು. ಕಬ್ಬನ್ ಪಾರ್ಕಿನಲ್ಲಿ ಹೂತುಹೋಗಿದ್ದ ಹಳೆಯ ಬಾವಿಗಳ ಹೂಳೆತ್ತಿದವರು ಈ ಮಣ್ಣು ವಡ್ಡರೇ. ದೇವನಹಳ್ಳಿಯಲ್ಲಿ ಸಿಹಿನೀರು ಕೆರೆಗೆ ಬೆಂಗಳೂರಿನ ಸಂಸ್ಕರಿಸಿದ ನೀರು ಬಂದು ತುಂಬಿದ ಮೇಲೆ, ದಡದ ಹಳೆಯ ಬಾವಿಯನ್ನು ಸ್ವಚ್ಛ ಮಾಡಿ, ಅದರಲ್ಲಿ ಜಿನುಗಿದ ನೀರನ್ನು ಮತ್ತೆ ಶುದ್ಧೀಕರಿಸಿ ಊರಿಗೆ ಕೊಡುವ ಏರ್ಪಾಟಾಯಿತು. ಸರ್ಜಾಪುರ ರಸ್ತೆಯಲ್ಲಿ ಅಂತರ್ಜಲದ ನಕ್ಷೆ ಬರೆದು ಸುತ್ತಲ ಬಡಾವಣೆಯವರ ಜೊತೆ ಕೂತು ಲೆಕ್ಕ ಹಾಕುವ ಕೆಲಸಕ್ಕೆ ವಿಪ್ರೊ ಕೈ ಜೋಡಿಸಿತು. ನನಗೆ ಮೆಚ್ಚುಗೆಯಾದದ್ದು ಅಲ್ಲಿಯ ಕ್ರಮ. ಮೊದಲು ನೀರು ಎಲ್ಲಿದೆ, ಯಾರ‍್ಯಾರು ಎಷ್ಟು ತೆಗೆಯುತ್ತಿದ್ದಾರೆ ಎಂದು ತಿಳಿದುಕೊಳ್ಳುವುದು, ಆಮೇಲೆ ಅಗೆಯುವುದು.

ಲೋಕದಾದ್ಯಂತ ಈಗ ಇದಕ್ಕೊಂದು ಮಾನದಂಡವೂ ಇದೆ. ‘ಅಲಯನ್ಸ್ ಫಾರ್ ವಾಟರ್ ಸ್ಟೀವರ್ಡ್‌ಶಿಪ್’ ಎಂಬ ಒಕ್ಕೂಟ 2014ರಲ್ಲಿ ಅದನ್ನು ರೂಪಿಸಿ, 2019ರಲ್ಲಿ ತಿದ್ದಿತು. ಕಾರ್ಖಾನೆ ತನ್ನ ಕಾಂಪೌಂಡಿನ ಆಚೆಗೂ ನೋಡಬೇಕು, ಇಡೀ ಜಲಾನಯನದ ನೀರಿನ ಪ್ರಮಾಣ, ಗುಣ, ಕೆರೆತೊರೆಗಳ ಸ್ಥಿತಿ, ಜನರ ಕುಡಿಯುವ ನೀರು, ಶೌಚಾಲಯ ಎಲ್ಲವೂ ಅದರ ಲೆಕ್ಕಕ್ಕೆ ಸೇರಬೇಕು ಎನ್ನುತ್ತದೆ ಅದು. ಹಾಗೆ ನೋಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಕೇರಳದ ಪ್ಲಾಚಿಮಡ ಸಾಕ್ಷಿ. 2000ದಲ್ಲಿ ಶುರುವಾದ ಕೋಕಾ ಕೋಲಾ ಘಟಕ, ಬಾವಿ ಕೆಟ್ಟಿತೆಂದು ಬೀದಿಗಿಳಿದ ಊರವರ ಹೋರಾಟದ ಮುಂದೆ 2004ರಲ್ಲಿ ನಿಂತಿತು.

ಈಗ ಒಂದು ಲೆಕ್ಕ ಹಾಕೋಣ, ಯಾಕೆಂದರೆ ಬಾವಿ ತೋಡಿಸಿದ ಕೂಡಲೇ ಎಲ್ಲ ಸರಿಹೋಯಿತೆಂದು ನಂಬುವವರನ್ನು ನಾನು ಬಹಳ ಕಂಡಿದ್ದೇನೆ. ಎರಡು ಸಾವಿರ ಜನ ಕೆಲಸ ಮಾಡುವ ಕಚೇರಿ ಎಂದಿಟ್ಟುಕೊಳ್ಳಿ. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಒಬ್ಬರಿಗೆ ದಿನಕ್ಕೆ 45 ಲೀಟರ್. ಒಟ್ಟು 90,000 ಲೀಟರ್, ಅಂದರೆ ದೊಡ್ಡ ಟ್ಯಾಂಕರ್ ಏಳೂವರೆ. ವರ್ಷಕ್ಕೆ 300 ದಿನ ಹಿಡಿದರೆ 2.7 ಕೋಟಿ ಲೀಟರ್. ಬೆಂಗಳೂರಿನ ವಾರ್ಷಿಕ ಮಳೆ ಸರಾಸರಿ 970 ಮಿಲಿಮೀಟರ್. ಒಂದು ಎಕರೆ ಚಾವಣಿಯ ಮೇಲೆ ಬೀಳುವುದು 39 ಲಕ್ಷ ಲೀಟರ್, ಆವಿ, ಸೋರಿಕೆ ಕಳೆದು ಕೈಗೆ ಸಿಗುವುದು ಹೆಚ್ಚೆಂದರೆ 32 ಲಕ್ಷ. ಬಳಸುವುದರ ಎಂಟನೇ ಒಂದು ಪಾಲು!

ಉಳಿದ ಏಳು ಪಾಲಿಗೆ ಬೇರೆ ದಾರಿ ಹುಡುಕಬೇಕು. ಮೊದಲನೆಯದು ಮೀಟರು. ಟ್ಯಾಂಕರಿಗೊಂದು, ಬೋರ್‌ವೆಲ್ಲಿಗೊಂದು, ಕ್ಯಾಂಟೀನಿಗೊಂದು, ಕೂಲಿಂಗ್ ಟವರಿಗೊಂದು. ಎಲ್ಲಕ್ಕೂ ಒಂದೇ ಮೀಟರಿದ್ದರೆ ರಾತ್ರಿಯಿಡೀ ಸೋರುವ ಫ್ಲಶ್ ತೊಟ್ಟಿ ಸಿಕ್ಕಿಬೀಳುವುದೇ ಇಲ್ಲ. ಆ 45 ಲೀಟರಿನಲ್ಲಿ 20 ಲೀಟರ್ ಹೋಗುವುದು ಶೌಚಾಲಯದ ಫ್ಲಶ್‌ಗೆ. ಕೊಳಚೆನೀರು ಶುದ್ಧೀಕರಿಸುವ ಘಟಕದಲ್ಲಿ, ಅಂದರೆ ಎಸ್‌ಟಿಪಿಯಲ್ಲಿ, ಶುದ್ಧ ಮಾಡಿದ ನೀರನ್ನು ಬೇರೆ ಪೈಪಿನಲ್ಲಿ ಅಲ್ಲಿಗೆ ಕಳಿಸಿದರೆ ವರ್ಷಕ್ಕೆ 1.2 ಕೋಟಿ ಲೀಟರ್ ಉಳಿಯಿತು, ಆ ಒಂದೆಕರೆ ಚಾವಣಿಯಿಂದ ಕೈಗೆ ಸಿಗುವ ಮಳೆನೀರಿನ ಮೂರೂವರೆ ಪಟ್ಟಿಗೂ ಹೆಚ್ಚು. ಹುಲ್ಲುಹಾಸು, ಎ.ಸಿ.ಯ ಕೂಲಿಂಗ್ ಟವರು, ನೆಲ ಒರೆಸುವುದು, ಯಾವುದಕ್ಕೂ ಕಾವೇರಿ ಬೇಕಾಗಿಲ್ಲ. ಸಾವಿರಾರು ಕೋಟಿಯ ವ್ಯವಹಾರ ನಡೆಸುವವರು ಎಸ್‌ಟಿಪಿ ನೋಡಿಕೊಳ್ಳಲು ಪಳಗಿದ ಒಬ್ಬರನ್ನು ನೇಮಿಸಲು ಹಿಂದೆ ಮುಂದೆ ನೋಡುವುದನ್ನು ಕಂಡಾಗ ಬೇಸರವಾಗುತ್ತದೆ. ಯಂತ್ರ ಇರುತ್ತದೆ, ಓಡುವುದಿಲ್ಲ.

ಸಿಎಸ್‌ಆರ್ ಹಣದಲ್ಲಿ ದೂರದ ಕೆರೆಯೊಂದರ ಹೂಳೆತ್ತಿಸಿ, ತಮ್ಮ ಬೋರ್‌ವೆಲ್ಲಿಗೆ ಮೀಟರೇ ಇಡದ ಕಂಪನಿಗಳಿವೆ. ಕೆರೆಗೆ ಒಳ್ಳೆಯದಾಯಿತು, ಸಂತೋಷ. ಆದರೆ ಜವಾಬ್ದಾರಿ ಶುರುವಾಗಬೇಕಾದ್ದು ಸ್ವಂತ ಮೋಟಾರಿನ ಸ್ವಿಚ್ಚಿನ ಹತ್ತಿರ.

ಎಚ್ಚರದ ಮಾತೊಂದಿದೆ, ಇದನ್ನು ಒತ್ತಿ ಹೇಳಬೇಕು. ಇಂಗುಬಾವಿಗೆ ಚಾವಣಿಯ ಶುದ್ಧ ನೀರು ಮಾತ್ರ ಇಳಿಯಬೇಕು. ಎಣ್ಣೆ ಸೋರಿದ ಪಾರ್ಕಿಂಗ್ ಜಾಗದ ನೀರು, ರಾಸಾಯನಿಕ ಇಳಿಸುವ ಅಂಗಳದ ನೀರು, ಎಸ್‌ಟಿಪಿಯ ಅರೆಬೆಂದ ನೀರು ಇಳಿಯಿತೋ, ಅದು ಸುತ್ತಲಿನವರ ಬಾವಿಗೆ ವಿಷ ಹಾಕಿದಂತೆಯೇ. ಪೀಣ್ಯದಲ್ಲಿ ಲೋಹ ಲೇಪನದ ಘಟಕಗಳಿಂದ ಕ್ರೋಮಿಯಂ ಅಂತರ್ಜಲಕ್ಕೆ ಸೇರಿದ ಕಥೆ ನಮ್ಮ ಕಣ್ಮುಂದಿದೆ. ನೆಲದ ಮೇಲೆ ಚೆಲ್ಲಿದ್ದನ್ನು ಬಳಿಯಬಹುದು, ಬಂಡೆಯ ಬಿರುಕಿಗೆ ಇಳಿದದ್ದನ್ನು ಬಳಿಯಲು ಯಾರಿಂದಾದೀತು? ಅಂಥ ಕಾರ್ಖಾನೆಗಳು ಮಳೆನೀರನ್ನು ತೊಟ್ಟಿಯಲ್ಲಿ ಹಿಡಿದು ಬಳಸಲಿ, ಇಂಗಿಸುವ ಉಸಾಬರಿ ಬೇಡ.

ತೋಡುವವರ ಜೀವವೂ ಕಂಪನಿಯ ಹೊಣೆಯೇ. ಹಳೆಯ ಬಾವಿಗೆ ಇಳಿಯುವ ಮುನ್ನ ಉರಿಯುವ ದೀಪವನ್ನು ಹಗ್ಗದಲ್ಲಿ ಇಳಿಸಿ ನೋಡುವುದು ಇವರ ಪದ್ಧತಿ. ದೀಪ ಆರಿತೋ, ಯಾರೂ ಇಳಿಯುವುದಿಲ್ಲ. ಕೆಲಸ ಕೊಡುವವರು ಗಾಳಿ ಅಳೆಯುವ ಮೀಟರು, ಬ್ಲೋವರು, ಸೊಂಟಕ್ಕೆ ಕಟ್ಟುವ ಬೆಲ್ಟು ಒದಗಿಸಬೇಕು. ಇನ್ನು ಒಂದು: ‘ಹೇಗೂ ಬಂದಿದ್ದೀರಿ’ ಎಂದು ಇವರನ್ನು ಶೌಚಗುಂಡಿಗೆ ಇಳಿಯಲು ಹೇಳುವ ಅಡ್ಮಿನ್‌ಗಳಿದ್ದಾರೆ. ಅಂಥ ಅಪಾಯಕ್ಕೆ ಮನುಷ್ಯರನ್ನು ದೂಡುವುದನ್ನು ಮಲಹೊರುವ ಪದ್ಧತಿಯ ವಿರುದ್ಧದ 2013ರ ಕಾಯ್ದೆ ನಿಷೇಧಿಸಿದೆ. ಬಾವಿ ತೋಡುವುದು ಹೆಮ್ಮೆಯ ಕಸುಬು. ಅದಕ್ಕೆ ತಕ್ಕ ಕೂಲಿ, ಮಧ್ಯಾಹ್ನ ನೆರಳಲ್ಲಿ ಕ್ಯಾಂಟೀನಿನ ಊಟ, ಬಿಲ್ಲಿಗೆ ಮೂರು ತಿಂಗಳು ಅಲೆಸದೆ ಹಣ: ಇದೂ ನೀರಿನ ಜವಾಬ್ದಾರಿಯ ಭಾಗವೇ.

ಬೊಮ್ಮಸಂದ್ರದ ಆ ಕಾರ್ಖಾನೆಯಲ್ಲಿ ಮೂರನೆಯ ದಿನ ಸಂಜೆ ಕೊನೆಯ ರಿಂಗು ಇಳಿಯಿತು. ಹಗ್ಗ ಹಿಡಿದ ನಾಲ್ವರು ಅಂಗುಲ ಅಂಗುಲವಾಗಿ ಬಿಟ್ಟರು. ಕೆಳಗಿದ್ದ ಹುಡುಗ ಎರಡೂ ಅಂಗೈಯಲ್ಲಿ ಅದರ ಅಂಚು ಹಿಡಿದು, “ಎಡಕ್ಕೆ... ಇನ್ನೂ... ಬಿಡ್ರಣ್ಣ” ಎಂದ. ಕೂತುಕೊಂಡ ಸದ್ದು ಬಾವಿಯೊಳಗಿಂದ ಗಂಟೆಯ ಹಾಗೆ ಬಂತು. ಸುತ್ತ ಜಲ್ಲಿ ಸುರಿದು, ಮೇಲಕ್ಕೆ ಕಬ್ಬಿಣದ ಜಾಲರಿ ಮುಚ್ಚಿದರು. ಒಳಗೆ ಅಡಿ ಅಡಿಗೆ ಗುರುತು ಬರೆದ ಬಿಳಿ ಪಟ್ಟಿಯೊಂದನ್ನು ಮೇಸ್ತ್ರಿ ಹೇಳಿ ಬರೆಸಿದ್ದರು. ಟಾರ್ಚ್ ಬಿಟ್ಟರೆ ನೀರು ಎಷ್ಟಿದೆಯೆಂದು ಗೇಟಿನ ಸೆಕ್ಯುರಿಟಿಯವರೂ ಓದಬಹುದು.

ಹಾರೆ, ಗುದ್ದಲಿ ತೊಳೆದು ಟೆಂಪೊಗೆ ಏರಿಸುವಾಗ ಮೇಸ್ತ್ರಿ ಅಡ್ಮಿನ್ ಅಧಿಕಾರಿಯನ್ನು ಪಕ್ಕಕ್ಕೆ ಕರೆದರು. “ಯುಗಾದಿ ಕಳೀತಿದ್ದ ಹಾಗೆ ಒಂದು ಫೋನ್ ಮಾಡಿ ಸಾರ್. ಮಳೆ ಹಿಡಿಯೋಕೆ ಮುಂಚೆ ಆ ಹೂಳುಗುಂಡಿ ತೆಗೀಬೇಕು. ಮರೆತ್ರೆ ಎರಡು ಮಳೆಗಾಲಕ್ಕೆ ಬಾವಿ ಕಣ್ಣು ಮುಚ್ಕೊಳ್ತದೆ.” ಅಧಿಕಾರಿ ಫೋನ್ ತೆಗೆದು, ಅಲ್ಲೇ ನಿಂತು, ಏಪ್ರಿಲ್ ತಿಂಗಳ ಪುಟದಲ್ಲಿ ಅವರ ನಂಬರು ಬರೆದುಕೊಂಡರು.