ಸವೆಯಲೆಂದೇ ಕೂರಿಸಿದ ವಜ್ರ

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಹೊಸ ಮನೆ ಏಳುತ್ತಿದ್ದರೆ ಅಲ್ಲಿ ವಜ್ರಕ್ಕೂ ಕೆಲಸವಿರುತ್ತದೆ. ಅಡುಗೆಕಟ್ಟೆಯ ಗ್ರಾನೈಟನ್ನು ಸಿಂಕಿನ ಅಳತೆಗೆ ಕೊಯ್ಯುವ, ವಿಟ್ರಿಫೈಡ್ ಟೈಲನ್ನು ಮೂಲೆಗೆ ಹೊಂದಿಸುವ ಬ್ಲೇಡಿನ ಅಂಚಿನಲ್ಲಿರುವುದು ವಜ್ರದ ಹುಡಿ. ಆದರೆ ಬ್ಲೇಡಿನ ಜಾಣತನವೆಲ್ಲ ಅದನ್ನು ಹಿಡಿದಿಟ್ಟ ಲೋಹದಲ್ಲಿದೆ. ಕೋಬಾಲ್ಟ್, ಕಂಚು, ಕಬ್ಬಿಣದ ಪುಡಿಗಳೊಡನೆ ವಜ್ರದ ಕಣ ಬೆರೆಸಿ, ಒತ್ತಿ, ಕಾಯಿಸಿ ಈ ಅಂಚನ್ನು ಮಾಡುತ್ತಾರೆ. ಕೊಯ್ಯುತ್ತ ಹೋದಂತೆ ಲೋಹ ಸವೆಯಬೇಕು, ಮೊಂಡಾದ ಕಣ ಉದುರಬೇಕು, ಒಳಗಿನ ಹರಿತ ಕಣ ಹೊರಬರಬೇಕು. ಹಾಗಾಗಿಯೇ ಗಟ್ಟಿ ಶಿಲೆಗೆ ಬೇಗ ಸವೆಯುವ ಮೆದು ಲೋಹ, ಉಜ್ಜುವ ಗುಣದ ಹಸಿ ಕಾಂಕ್ರೀಟಿಗೆ ಗಟ್ಟಿ ಲೋಹ. ಕಚ್ಚದೆ ಜಾರುವ ಬ್ಲೇಡನ್ನು ಸಿಮೆಂಟ್ ಇಟ್ಟಿಗೆಯ ಮೇಲೆ ಎರಡು ಸಲ ಎಳೆದರೆ ಅದು ಮತ್ತೆ ಕಚ್ಚುವುದೂ ಇದೇ ಕಾರಣಕ್ಕೆ.

ವಜ್ರ ಅಷ್ಟು ಗಟ್ಟಿಯಾದರೆ ಎಲ್ಲದಕ್ಕೂ ಅದನ್ನೇ ಬಳಸಬಾರದೇಕೆ? ಬೇಕಿಲ್ಲದ ಕಡೆ ಅದು ದಂಡ. ಈ ಕರಾವಳಿಯ ಗೋಡೆಗಳ ಮುರಕಲ್ಲು ನೆಲದಿಂದ ತೆಗೆಯುವಾಗ ಮೆದು, ಗಾಳಿಗೆ ಒಡ್ಡಿದ ಮೇಲೆ ಬಿರುಸು. 1801ರಲ್ಲಿ ಕೆನರಾ ಹಾದುಹೋದ ಫ್ರಾನ್ಸಿಸ್ ಬುಕಾನನ್ ಈ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟಿದ್ದು 1807ರಲ್ಲಿ ಅಚ್ಚಾದ ತನ್ನ ಪ್ರವಾಸಕಥನದಲ್ಲಿ. ಕೋರೆಯಲ್ಲಿ ಇದನ್ನು ಕಡಿಯುವ ಯಂತ್ರಕ್ಕೆ ಟಂಗ್‌ಸ್ಟನ್ ಕಾರ್ಬೈಡ್ ಹಲ್ಲು ಸಾಕು. ಬೋರ್‌ವೆಲ್ ಬಿಟ್ಟಿನ ಗುಂಡಿಗಳೂ ಅದರವೇ. ಇನ್ನು ಉಕ್ಕಿನ ವಿಷಯದಲ್ಲಿ ವಜ್ರ ಸೋಲುತ್ತದೆ. ಕಾದ ಕಬ್ಬಿಣ ಇಂಗಾಲವನ್ನು ತನ್ನೊಳಗೆ ಎಳೆದುಕೊಳ್ಳುವುದರಿಂದ ವಜ್ರ ಕರಗುತ್ತ ಹೋಗುತ್ತದೆ. ವೆಲ್ಡಿಂಗ್ ಅಂಗಡಿಯಲ್ಲಿ ಅಲ್ಯೂಮಿನಿಯಂ ಆಕ್ಸೈಡಿನ ಚಕ್ರ ತಿರುಗುವುದು ಅದಕ್ಕೇ. ತಮಾಷೆಯೆಂದರೆ, ವಜ್ರವನ್ನು ತಿನ್ನುವ ಕಬ್ಬಿಣದ ಈ ಗುಣವೇ ಅದನ್ನು ಹುಟ್ಟಿಸಲೂ ಬೇಕಾಯಿತು. 1954ರ ಡಿಸೆಂಬರಿನಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಪ್ರಯೋಗಾಲಯದಲ್ಲಿ ಟ್ರೇಸಿ ಹಾಲ್ ಕೃತಕ ವಜ್ರ ಮಾಡಿದರು. ಕಬ್ಬಿಣ, ನಿಕಲ್‌ನಂಥ ಲೋಹದ ದ್ರವದಲ್ಲಿ ಗ್ರಾಫೈಟ್ ಕರಗಿ, 50,000 ವಾತಾವರಣಕ್ಕೂ ಮಿಕ್ಕ ಒತ್ತಡದಲ್ಲಿ ವಜ್ರವಾಗಿ ಹೆಪ್ಪುಗಟ್ಟುತ್ತದೆ. ಇಂದು ಕೈಗಾರಿಕೆಯ ವಜ್ರದಲ್ಲಿ ನೂರಕ್ಕೆ ಸುಮಾರು 99 ಪಾಲು ಕೃತಕವೇ. ‘ಹಾಗಾದರೆ ಅಸಲಿಯಲ್ಲ’ ಎನ್ನುವವರಿಗೆ ಉತ್ತರ ಸರಳ: ಅದೇ ಇಂಗಾಲ, ಅದೇ ಹರಳು. ಗ್ರಾನೈಟಿಗೆ ಜಾತಕ ಬೇಕಿಲ್ಲ.

ಗಂಭೀರವಾದ ಆಕ್ಷೇಪ ಧೂಳಿನದು. ಕಲ್ಲನ್ನು ವೇಗವಾಗಿ ಕೊಯ್ದಷ್ಟೂ ಸಿಲಿಕಾದ ನುಣ್ಣನೆಯ ಹುಡಿ ಹೆಚ್ಚು. ಅದು ತರುವ ಸಿಲಿಕೋಸಿಸ್‌ಗೆ ವಾಸಿಮಾಡುವ ಮದ್ದಿಲ್ಲ. ಮುಖಕ್ಕೆ ಕಟ್ಟಿದ ಬೈರಾಸು ಆ ಕಣಗಳನ್ನು ತಡೆಯದು. ಇದನ್ನು ವಜ್ರದ ತಪ್ಪೆನ್ನಲಾಗದು, ಒಣಗೊಯ್ತದ ತಪ್ಪು. ಬ್ಲೇಡಿಗೆ ನೀರು ಹಾಯಿಸಿದರೆ ಧೂಳು ಬಹುಪಾಲು ಅಲ್ಲೇ ಕೂರುತ್ತದೆ, ಬ್ಲೇಡೂ ತಣ್ಣಗಿದ್ದು ಹೆಚ್ಚು ಬಾಳುತ್ತದೆ. ಕರೆಂಟಿನ ಯಂತ್ರಕ್ಕೆ ನೀರು ಅಪಾಯವಲ್ಲವೇ ಎಂದರೆ, ಹೌದು; ನೀರಿನ ಕೊಳವೆಯೊಡನೆಯೇ ಬರುವ ಯಂತ್ರ, ಸೋರಿಕೆಗೆ ಕೂಡಲೇ ಬೀಳುವ ಟ್ರಿಪ್ ಸ್ವಿಚ್ ಎರಡೂ ಬೇಕು. ನೆಲವೆಲ್ಲ ರಾಡಿ ಎನ್ನುವ ಮನೆಯವರ ದೂರೂ ನಿಜವೇ. ಆ ರಾಡಿಯನ್ನು ಹಸಿಯಿರುವಾಗಲೇ ಬಳಿದು ತೆಗೆಸಬೇಕು. ಒಣಗಲು ಬಿಟ್ಟರೆ ಅದೇ ಹುಡಿ ಪೊರಕೆಯ ತುದಿಯಿಂದ ಮತ್ತೆ ಗಾಳಿಗೇರುತ್ತದೆ.