ಮುಲಾಮಿಗೆ ಮಾಯದ ಗಾಯಗಳು

ರೋಗಿಯ ಕೈಯಿಂದಲೇ ಆಗುವ, ಆದರೆ ಮೂಲ ಮನಸ್ಸಿನಲ್ಲಿರುವ ಚರ್ಮದ ಗಾಯಗಳಲ್ಲಿ ಎರಡು ಬಗೆ ಮುಖ್ಯವಾದವು. ಮೊದಲನೆಯದು ಚರ್ಮ ಹೆಕ್ಕುವ ಗೀಳು. ಮೊಡವೆಯನ್ನೋ ಹಕ್ಕಳೆಯನ್ನೋ ಉಗುರಿನಿಂದ ಕೀಳುವುದನ್ನು ಬಿಡಬೇಕೆಂದು ಎಷ್ಟು ಹೆಣಗಿದರೂ ಬಿಡಲಾಗದೆ, ಕಿತ್ತ ಗಳಿಗೆಯಲ್ಲಿ ಒದಗುವ ನಿರಾಳದ ಬೆನ್ನಿಗೇ ನಾಚಿಕೆ ಕವಿದು, ಮಾಯುತ್ತಿದ್ದ ಗಾಯ ಮತ್ತೆ ಹಸಿಯಾಗುತ್ತದೆ. ಇಂಗ್ಲೆಂಡಿನ ಚರ್ಮವೈದ್ಯ ಎರಾಸ್ಮಸ್ ವಿಲ್ಸನ್ 1875ರಲ್ಲೇ ವಿವರಿಸಿದ್ದ ಈ ತೊಂದರೆಗೆ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಸ್ವತಂತ್ರ ರೋಗದ ಸ್ಥಾನ ದೊರೆತದ್ದು 2013ರಲ್ಲಿ. ಎರಡನೆಯದು ಡರ್ಮಟೈಟಿಸ್ ಆರ್ಟಿಫ್ಯಾಕ್ಟಾ, ಅಂದರೆ ತಾನೇ ಮಾಡಿಕೊಂಡರೂ ರೋಗಿ ಒಪ್ಪಿಕೊಳ್ಳದ ಚರ್ಮಗಾಯ. ಇದು ಹೇಗಾಯಿತೆಂದು ಕೇಳಿದರೆ, ರಾತ್ರಿ ಇರಲಿಲ್ಲ, ಬೆಳಿಗ್ಗೆ ಇತ್ತು ಎಂಬಷ್ಟೇ ಉತ್ತರ ಬರುತ್ತದೆ.

ಪಳಗಿದ ಕಣ್ಣಿಗೆ ಚರ್ಮವೇ ಸುಳಿವು ಕೊಡುತ್ತದೆ. ಹೆಕ್ಕುವ ಗೀಳಿನಲ್ಲಿ ಗಾಯಗಳೆಲ್ಲ ಕೈಗೆಟುಕುವ ಕಡೆಯೇ ಇದ್ದು, ಎಟುಕದ ಬೆನ್ನಿನ ನಡುಭಾಗ ಮಾತ್ರ ಚಿಟ್ಟೆಯ ರೆಕ್ಕೆಯ ಆಕಾರದಲ್ಲಿ ನುಣುಪಾಗಿ ಉಳಿದಿರುತ್ತದೆ. ಆದರೆ ಈ ಸುಳಿವು ಸಿಕ್ಕಿತೆಂದು ಕಳ್ಳನನ್ನು ಹಿಡಿದವರಂತೆ ಗದರುವುದು ದೊಡ್ಡ ತಪ್ಪು. ಗಾಯ ನಿಜ, ಅದರ ಹಿಂದಿನ ಸಂಕಟವೂ ನಿಜ, ಗದರಿಸಿಕೊಂಡ ರೋಗಿ ಮತ್ತೆ ಆ ವೈದ್ಯರ ಬಾಗಿಲು ತುಳಿಯದೇ ಹೋಗಬಹುದು.

ಗಾಯ ಮಾಯದಿದ್ದರೆ ರಕ್ತ ಕೆಟ್ಟಿದೆ ಎಂದೋ ನಾಗದೋಷವೆಂದೋ ಭಾವಿಸುವ, ಮೆಡಿಕಲ್ ಶಾಪಿನಿಂದ ಸ್ಟೀರಾಯ್ಡ್ ಬೆರೆತ ಮುಲಾಮು ತಂದು ತಿಂಗಳುಗಟ್ಟಲೆ ಹಚ್ಚಿ ಚರ್ಮವನ್ನು ಇನ್ನಷ್ಟು ತೆಳ್ಳಗಾಗಿಸಿಕೊಳ್ಳುವ ರೂಢಿ ನಮ್ಮ ಊರುಗಳಿಗೆ ಹೊಸದಲ್ಲ. ಆಂಧ್ರದ ಹಿಂದೂಪುರ, ಕಲ್ಯಾಣದುರ್ಗ ಸೀಮೆಯ ಕನ್ನಡಿಗರಿಗೆ ಇದರ ಜೊತೆಗೆ ಭಾಷೆಯ ತೊಡಕೂ ಇದೆ: ಕೆರೆತವನ್ನು ತೆಲುಗಿನಲ್ಲಿ ಹೇಳಬಹುದು, ಆದರೆ ನಾಚಿಕೆ, ಭಯ, ಮನೆಯ ಕಲಹಗಳನ್ನು ಬಿಚ್ಚಿಡಲು ಮನೆಮಾತೇ ಬೇಕು. ಕನ್ನಡದಲ್ಲೇ ಹೇಳಿಕೊಳ್ಳಬೇಕೆನ್ನುವವರಿಗೆ ಹಿಂದೂಪುರದಿಂದ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆಯಾದ ನಿಮ್ಹಾನ್ಸ್‌ಗೆ ಸುಮಾರು 100 ಕಿಲೋಮೀಟರ್, ರೈಲೂ ಇದೆ. ಇನ್ನು ನೆರೆಯ ಬಳ್ಳಾರಿ ಜಿಲ್ಲೆಯಂತೂ, ಮನೋರೋಗದ ಚಿಕಿತ್ಸೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಲುಪಿಸುವ ಪ್ರಯೋಗವನ್ನು 1980ರ ದಶಕದಲ್ಲೇ ನಿಮ್ಹಾನ್ಸ್ ನಡೆಸಿದ ನೆಲ. 1996ರಲ್ಲಿ ಆರಂಭವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ.

ಚಿಕಿತ್ಸೆಯಲ್ಲಿ ಚರ್ಮವೈದ್ಯರೂ ಮನೋವೈದ್ಯರೂ ಜೊತೆಯಾಗಬೇಕು. ಗೀಳಿಗೆ 1973ರಲ್ಲಿ ಮನಶ್ಶಾಸ್ತ್ರಜ್ಞರಾದ ಅಜ್ರಿನ್ ಮತ್ತು ನನ್ ರೂಪಿಸಿದ ಅಭ್ಯಾಸ ಬದಲಿಸುವ ತರಬೇತಿ ಇಂದಿಗೂ ಬಳಕೆಯಲ್ಲಿದೆ. ಕೈ ಮುಖದತ್ತ ಏಳುವ ಕ್ಷಣವನ್ನು ರೋಗಿ ತಾನೇ ಗುರುತಿಸಿ, ಮುಷ್ಟಿ ಬಿಗಿಹಿಡಿದು ಆ ತುಡಿತ ಇಳಿಯುವವರೆಗೂ ಕಾಯುವುದನ್ನು ಅದು ಕಲಿಸುತ್ತದೆ. ಆಸ್ಪತ್ರೆಗೆ ಹೋಗಲು ಅಳುಕುವವರಿಗೆ 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯಿದೆ. ಸಂಖ್ಯೆ 14416, ಕರೆ ಉಚಿತ, ಕನ್ನಡದಲ್ಲೂ ತೆಲುಗಿನಲ್ಲೂ ಮಾತನಾಡಬಹುದು.