ಅಡಿಕೆ ಮರದ ಕಾಂಡದ ಮೇಲೆ ಕೇಸರಿ ಬಣ್ಣ: ರೋಗವಲ್ಲ, ಪಾಚಿ

ಪುತ್ತೂರು, ಸುಳ್ಯ ಮತ್ತು ಕಡಬ ತಾಲ್ಲೂಕುಗಳ ಅಡಿಕೆ ತೋಟಗಳಲ್ಲಿ ಕೆಲವು ಮರಗಳ ಕಾಂಡವು ಕೇಸರಿ ಅಥವಾ ಇಟ್ಟಿಗೆ ಕೆಂಪು ಬಣ್ಣಕ್ಕೆ ತಿರುಗುವುದುಂಟು. ಇದಕ್ಕೆ ಕಾರಣ ಟ್ರೆಂಟೆಪೋಲಿಯಾ ಎಂಬ ಪಾಚಿ. ಇದನ್ನು ಹೊಸ ರೋಗವೆಂದು ಭಾವಿಸಿ ಔಷಧ ಸಿಂಪಡಿಸುವ ಅಗತ್ಯವಿಲ್ಲ.

ಪಾಚಿಯ ಸ್ವರೂಪ: ಇದು ಹಸಿರು ಪಾಚಿಗಳ ವರ್ಗಕ್ಕೆ ಸೇರಿದ್ದು, ತೇವಾಂಶವಿರುವ ಮರದ ತೊಗಟೆ, ಬಂಡೆ ಹಾಗೂ ಗೋಡೆಗಳ ಮೇಲೆ ಬೆಳೆಯುತ್ತದೆ. ತನ್ನ ಆಹಾರವನ್ನು ಬೆಳಕಿನಿಂದ ತಾನೇ ತಯಾರಿಸಿಕೊಳ್ಳುತ್ತದೆ. ಅಡಿಕೆ ಮರ ಅದಕ್ಕೆ ಆಸರೆ ಮಾತ್ರ. ಮರದ ರಸವನ್ನು ಅದು ಹೀರುವುದಿಲ್ಲ.

ಬಣ್ಣದ ಕಾರಣ: ಪಾಚಿಗೆ ಬೆಳಕು ಬೇಕು, ಆದರೆ ಅತಿಯಾದ ಬಿಸಿಲು ಅದರ ಪತ್ರಹರಿತ್ತಿಗೆ ಹಾನಿಕರ. ಆದ್ದರಿಂದ ಟ್ರೆಂಟೆಪೋಲಿಯಾ ಕ್ಯಾರೊಟಿನ್ ವರ್ಣದ್ರವ್ಯವನ್ನು ಹೇರಳವಾಗಿ ಸಂಗ್ರಹಿಸುತ್ತದೆ. ಕ್ಯಾರೆಟ್ ಗಡ್ಡೆಗೆ ಬಣ್ಣ ಕೊಡುವುದೂ ಇದೇ ದ್ರವ್ಯ. ಇದು ಹಸಿರನ್ನು ಮರೆಮಾಡಿ, ಪಾಚಿಗೆ ಕೊಡೆಯಂತೆ ರಕ್ಷಣೆ ನೀಡುತ್ತದೆ. ಬೆಳಕನ್ನು ಅರಿಯಲು ಪಾಚಿಗಳಲ್ಲಿ ವಿಶೇಷ ಪ್ರೋಟೀನ್‌ಗಳೂ ಇರುತ್ತವೆ. ಕ್ಲಾಮಿಡೊಮೊನಾಸ್ ಎಂಬ ಹಸಿರು ಪಾಚಿಯಲ್ಲಿ ಇವುಗಳ ಅಧ್ಯಯನ ವಿವರವಾಗಿ ನಡೆದಿದೆ. ಅದರಲ್ಲಿ ಚಾನೆಲ್‌ರೊಡಾಪ್ಸಿನ್ ಪ್ರೋಟೀನು ಬೆಳಕಿನ ದಿಕ್ಕಿಗೆ ಅನುಗುಣವಾಗಿ ಈಜಲು ನೆರವಾಗುತ್ತದೆ. ಫೋಟೊಟ್ರೋಪಿನ್ ನೀಲಿ ಬೆಳಕನ್ನು ಗ್ರಹಿಸಿ, ಹೆಚ್ಚುವರಿ ಬೆಳಕನ್ನು ಶಾಖವಾಗಿ ಹೊರಹಾಕುವ ವ್ಯವಸ್ಥೆಯನ್ನು ಜಾಗೃತಗೊಳಿಸುತ್ತದೆ.

ಗುರುತಿಸುವ ವಿಧಾನ: ಬಣ್ಣವಿರುವ ಭಾಗವನ್ನು ಉಗುರಿನಿಂದ ಮೆಲ್ಲಗೆ ಕೆರೆಯಿರಿ. ಮಖಮಲ್ಲಿನಂಥ ಪದರ ಕಳಚಿ, ಅಡಿಯಲ್ಲಿ ಕಾಂಡವು ಗಟ್ಟಿಯಾಗಿ ಆರೋಗ್ಯಕರವಾಗಿದ್ದರೆ ಅದು ಪಾಚಿ. ಬಣ್ಣವು ಕಾಂಡದ ಒಳಗೇ ಇದ್ದು, ವಿಶೇಷವಾಗಿ ನೈಋತ್ಯ ದಿಕ್ಕಿನಲ್ಲಿ ಹೊಂಬಣ್ಣದ ಮಚ್ಚೆಗಳು ಕಂದುಬಣ್ಣಕ್ಕೆ ತಿರುಗಿ ಬಿರುಕು ಬಿಟ್ಟಿದ್ದರೆ, ಅದು ಬಿಸಿಲಿನ ಹೊಡೆತ. ಇಂತಹ ಮರಗಳು ಗಾಳಿಗೆ ಮುರಿಯುವ ಸಂಭವವಿರುವುದರಿಂದ ಈ ವ್ಯತ್ಯಾಸವನ್ನು ತಿಳಿಯುವುದು ಅತ್ಯಗತ್ಯ.

ಕೈಗೊಳ್ಳಬೇಕಾದ ಕ್ರಮಗಳು:
1. ಪಾಚಿಗಾಗಿ ಶಿಲೀಂಧ್ರನಾಶಕ ಬಳಸಬಾರದು. ಶೇ. 1ರ ಬೋರ್ಡೋ ದ್ರಾವಣವನ್ನು ಕೊಳೆರೋಗದ ನಿಯಂತ್ರಣಕ್ಕಾಗಿ ಗೊನೆಗಳಿಗೆ ಮೀಸಲಿಡಿ.
2. ಪಾಚಿಯನ್ನು ತೆಗೆಯಲು ಕಾಂಡವನ್ನು ಕತ್ತಿಯಿಂದ ಹೆರೆಯಬೇಡಿ. ಗಾಯಗಳು ಇತರ ರೋಗಾಣುಗಳಿಗೆ ದಾರಿಯಾಗುತ್ತವೆ.
3. ಬಸಿಗಾಲುವೆಗಳನ್ನು ಸ್ವಚ್ಛಗೊಳಿಸಿ, ತೋಟದಲ್ಲಿ ಗಾಳಿಯಾಡುವಂತೆ ನೋಡಿಕೊಳ್ಳಿ.
4. ಬಿಸಿಲು ಬೀಳುವ ದಕ್ಷಿಣ ಮತ್ತು ನೈಋತ್ಯ ಅಂಚಿನ ಮರಗಳ ಕಾಂಡಕ್ಕೆ ಅಡಿಕೆ ಸೋಗೆ ಅಥವಾ ಹಾಳೆ ಕಟ್ಟಿ, ಇಲ್ಲವೆ ಸುಣ್ಣ ಬಳಿಯಿರಿ. ಆ ಅಂಚಿನಲ್ಲಿ ನೆರಳಿನ ಮರಗಳನ್ನು ಬೆಳೆಸಿ.

ಸೋಗೆ ಹಳದಿಯಾಗುವುದು, ಕಾಯಿ ಉದುರುವುದು ಅಥವಾ ಕಾಂಡದಿಂದ ರಸ ಸೋರುವುದು ಕಂಡುಬಂದಲ್ಲಿ ಅದಕ್ಕೆ ಪಾಚಿ ಕಾರಣವಲ್ಲ. ಅಂತಹ ಸಂದರ್ಭದಲ್ಲಿ ವಿಟ್ಲದ ಸಿಪಿಸಿಆರ್‌ಐ ಪ್ರಾದೇಶಿಕ ಕೇಂದ್ರ ಅಥವಾ ಮಂಗಳೂರಿನ ಕೃಷಿ ವಿಜ್ಞಾನ ಕೇಂದ್ರದ ತಜ್ಞರ ಸಲಹೆ ಪಡೆಯುವುದು ಸೂಕ್ತ.